ಐದನೆಯ ಪ್ರಶ್ನೆಗೆ ಸಾತವ್ವ ಸುಮ್ಮನಿದ್ದರು

ಬೆಳಿಗ್ಗೆ ಹತ್ತೂವರೆಗೆ ಚಿಕ್ಕಪಡಸಲಗಿಯ ಸಾತವ್ವ ತಮ್ಮ ಮನೆಯ ಪಡಸಾಲೆಯಲ್ಲಿ ಐದು ಪ್ರಶ್ನೆಗಳನ್ನು ಎದುರಿಸಿದರು. ಮೂರಕ್ಕೆ ಉತ್ತರ ಕೊಟ್ಟರು. ಉಳಿದೆರಡರ ಮುಂದೆ ‘ಗೊತ್ತಿಲ್ಲ’ ಎಂದು ದಾಖಲಾಯಿತು.

ಪ್ರಶ್ನೆ ಕೇಳಿದವಳು ಬನಹಟ್ಟಿಯ ದಾನೇಶ್ವರಿ. ರಾಜಕೀಯದ ವಿಷಯ ಗಂಡಸರಿಗೆ ಎಷ್ಟು ಗೊತ್ತು, ಹೆಂಗಸರಿಗೆ ಎಷ್ಟು ಗೊತ್ತು ಎಂದು ಅಳೆಯುವ ಸಮೀಕ್ಷೆಯೊಂದಕ್ಕೆ ಅವಳು ಟ್ಯಾಬ್ ಹಿಡಿದು ಊರೂರು ತಿರುಗುತ್ತಿದ್ದಳು. ಗಂಡ ಹೆಂಡತಿ ಇಬ್ಬರನ್ನೂ ಬೇರೆ ಬೇರೆ ಕೇಳಬೇಕೆಂಬುದು ನಿಯಮ.

ಅಂದು ಆ ಮನೆಯಲ್ಲಿ ಇನ್ನೊಂದು ಲೆಕ್ಕಾಚಾರ ನಡೆದಿತ್ತು. ಗ್ರಾಮ ಪಂಚಾಯಿತಿಯ ಒಂದು ಸ್ಥಾನಕ್ಕೆ ಉಪಚುನಾವಣೆ, ಮಹಿಳಾ ಮೀಸಲು, ನಾಮಪತ್ರಕ್ಕೆ ಮರುದಿನವೇ ಕೊನೆ. ಸ್ವಸಹಾಯ ಸಂಘದ ಹೆಂಗಸರೆಲ್ಲ ಸಾತವ್ವನನ್ನು ನಿಲ್ಲು ಎನ್ನುತ್ತಿದ್ದರು. ಗಂಡ ಗಿರಮಲ್ಲಪ್ಪನಿಗೆ ಮನಸ್ಸಿರಲಿಲ್ಲ. ಬೇಡವೆನ್ನಲು ಕಾರಣ ಹುಡುಕುತ್ತಿದ್ದವನಿಗೆ ದಾನೇಶ್ವರಿಯೇ ಸಿಕ್ಕಿದಳು.

“ಛಲೋ ಟೈಮಿಗೆ ಬಂದಿ ನೋಡವಾ,” ಎಂದ. “ಈ ಪರೀಕ್ಷಾದಾಗ ಈಕಿ ನನಗಿಂತ ಒಂದರ ಹೆಚ್ಚ ಹೇಳಲಿ, ನಾಳೆ ನಾನ ಕರಕೊಂಡ ಹೋಗಿ ಅರ್ಜಿ ಹಾಕಸ್ತೀನಿ. ಇಲ್ಲಂದ್ರ ಮನ್ಯಾಗ ಎಮ್ಮಿ ಹಿಂಡ್ಕೋತ ಇರಲಿ.”

“ಎಮ್ಮಿ ಹಿಂಡೂದೂ ನಿಮಗ ಬರಂಗಿಲ್ಲಲ್ರಿ,” ಎಂದರು ಸಾತವ್ವ. “ಆತು, ಕೇಳಲಿ.”

ಗಿರಮಲ್ಲಪ್ಪನನ್ನು ದನದ ಕೊಟ್ಟಿಗೆಯ ಕಡೆ ಕಳಿಸಿ ದಾನೇಶ್ವರಿ ಶುರುಮಾಡಿದಳು. ಲೋಕಸಭೆಗೆ ಕರ್ನಾಟಕದಿಂದ ಎಷ್ಟು ಸ್ಥಾನ? ಇಪ್ಪತ್ತೆಂಟು. ವಿಧಾನಸಭೆಗೆ? ಇನ್ನೂರಾ ಇಪ್ಪತ್ನಾಲ್ಕು. ಪಂಚಾಯಿತಿಯಲ್ಲಿ ಹೆಂಗಸರಿಗೆ ಎಷ್ಟು ಮೀಸಲು? ಅರ್ಧ. ರಾಜ್ಯಸಭಾ ಸದಸ್ಯರ ಅವಧಿ?

“ಆರ ವರ್ಷನೋ ಏನೋ. ಖಾತ್ರಿ ಇಲ್ಲವಾ. ಖಾತ್ರಿ ಇಲ್ಲದ್ದ ಹೇಳಬಾರದು. ಗೊತ್ತಿಲ್ಲ ಅಂತ ಬರಿ.”

ದಾನೇಶ್ವರಿ ಹಾಗೆಯೇ ಒತ್ತಿದಳು. ಐದನೆಯದು, ನಿಮ್ಮ ಪಂಚಾಯಿತಿ ಅಧ್ಯಕ್ಷರ ಹೆಸರೇನು? ಸಾತವ್ವ ಸೆರಗು ಸರಿಮಾಡಿಕೊಂಡು ನಕ್ಕರು, ಬಾಗಿಲ ಕಡೆ ನೋಡಿದರು, ಮಾತಾಡಲಿಲ್ಲ. ಸ್ವಲ್ಪ ಕಾದರೂ ಉತ್ತರ ಬಾರದಿದ್ದರೆ ‘ಗೊತ್ತಿಲ್ಲ’ ಎಂದು ಗುರುತಿಸಬೇಕು. ಗುರುತಿಸಿ ಅವರ ಉತ್ತರಗಳನ್ನು ಟ್ಯಾಬಿನಿಂದ ಕಳಿಸಿದ್ದಾಯಿತು.

ಸಾತವ್ವ ಚಹಾ ಇಡಲು ಒಳಗೆ ಹೋದ ಮೇಲೆ ಗಿರಮಲ್ಲಪ್ಪ ಕಂಬಳಿಯ ಮೇಲೆ ಕೂತ. ಅವನಿಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. ಲೋಕಸಭೆಗೆ ಇಪ್ಪತ್ತೆಂಟು. ವಿಧಾನಸಭೆಗೆ ಮುನ್ನೂರು. ಹೆಂಗಸರಿಗೆ ಮೂರರಲ್ಲಿ ಒಂದು ಪಾಲು, “ಅದ ಹೆಚ್ಚಾತು.”

“ರಾಜ್ಯಸಭಾ ಸದಸ್ಯರದು ಎಷ್ಟ ವರ್ಷರೀ, ಕಾಕಾ?”

“ನಾಕು. ಅಲ್ಲಲ್ಲ, ಆರು ಬರಕೋ.”

“ಖಾತ್ರಿ ಐತ್ರಿ?”

“ಖಾತ್ರಿ ಯಾಕ ಬೇಕ? ನೀ ಕೇಳಿದಿ, ನಾ ಹೇಳಿದೆ.”

ಆರು ಸರಿಯಾದ ಉತ್ತರ. ಟ್ಯಾಬ್ ಒಪ್ಪಿಕೊಂಡಿತು.

“ಪಂಚಾಯಿತಿ ಅಧ್ಯಕ್ಷರು?”

“ಗಿರಮಲ್ಲಪ್ಪ. ನನ್ನ ಹೆಸರಿನಾಂವನ. ಆಂವ ಮಾಡಿದ ಗಟಾರಕ್ಕ ಮಂದಿ ನನ್ನ ಬೈತಾರ.”

ದಾನೇಶ್ವರಿಯ ಬೆರಳು ಅಲ್ಲೇ ನಿಂತಿತು. ಅವಳ ಅಜ್ಜಿಯೂ ಅಜ್ಜನ ಹೆಸರು ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ಪಕ್ಕದವರನ್ನು ತೋರಿಸುತ್ತಿದ್ದಳು.

ಇಬ್ಬರದೂ ಮುಗಿದಿತ್ತು. ಸರಿಯುತ್ತರ ಕೇಳಿಕೊಂಡು ಗಿರಮಲ್ಲಪ್ಪ ತಾನೇ ಬೆರಳು ಮಡಚಿದ. “ಮೂರಕ್ಕ ಮೂರು. ಸಮ ಆತು. ಈಕಿ ಹೆಚ್ಚ ಹೇಳಬೇಕ ಅಂದಿದ್ದೆ ನಾ.”

“ಕಾಕಾ, ಅಧ್ಯಕ್ಷರ ಹೆಸರ ಸಾತವ್ವಾರಿಗೆ ಗೊತ್ತೈತ್ರಿ. ನಿಮ್ಮ ಹೆಸರಂತ ಬಾಯಿ ಬಿಡಲಿಲ್ಲ,” ಎಂದಳು ದಾನೇಶ್ವರಿ.

“ಗೊತ್ತಿದ್ರ ಹೇಳಲಿ ಮತ್ತ. ನಾ ಏನ್ ಬಾಯಿ ಹಿಡದೇನೇನ?” ಹೇಳಲಾರಳೆಂಬ ಧೈರ್ಯ ಅವನಿಗೆ ಪೂರ್ತಿ ಇತ್ತು.

ಸಾತವ್ವ ಚಹಾದ ತಟ್ಟೆ ಕೆಳಗಿಟ್ಟರು. ಮದುವೆಯಲ್ಲಿ ಹೊಸ್ತಿಲು ತಡೆದು ನಿಲ್ಲಿಸಿದಾಗ ಹೇಳಿದ ಮೇಲೆ ಗಂಡನ ಹೆಸರನ್ನು ಅವರು ಬಾಯಲ್ಲಿ ತಂದಿರಲಿಲ್ಲ. ಹೇಳಲು ಇರುವ ದಾರಿ ಆಗಲೂ ಒಂದೇ, ಈಗಲೂ ಒಂದೇ: ಪ್ರಾಸದ ಸಾಲಿನಲ್ಲಿ ಹೆಸರು ಸೇರಿಸಿ ಹೇಳುವ ಒಡಪು. ತಲೆಯ ಮೇಲಿನ ಸೆರಗು ಎಳೆದುಕೊಂಡು ಹೇಳಿದರು:

“ಹೊಳಿ ದಂಡಿ ಕಬ್ಬಿಗೆ ನೀರ ಬಂತ ಮೆಲ್ಲಕ,
ಗಿರಮಲ್ಲಪ್ಪನ ಹೆಸರ ಹೇಳ್ತೀನಿ ಸೀಟ ಗೆಲ್ಲಾಕ.”

ಗಿರಮಲ್ಲಪ್ಪ ಚಹಾವನ್ನು ಬಸಿಗೆ ಬಗ್ಗಿಸಿದ. “ಇದ ನನ್ನ ಹೆಸರ ಹೇಳಿದಂಗಾತು. ಅಧ್ಯಕ್ಷನ ಹೆಸರೆಲ್ಲೈತಿ?”

“ನಿಮ್ಮ ಹೆಸರಿಗೆ ಯಾವ ಸೀಟ ಕೊಡ್ತಾರ್ರಿ? ಸೀಟ ಇರೂದ ಅಧ್ಯಕ್ಷನ ಹೆಸರಿಗೆ,” ಎಂದರು ಸಾತವ್ವ. “ಚಹಾ ಆರತೈತಿ, ಕುಡೀರಿ.”

ದಾನೇಶ್ವರಿ ಸಾತವ್ವನ ಉತ್ತರ ತಿದ್ದಲು ನೋಡಿದಳು. ಒಮ್ಮೆ ಕಳಿಸಿದ್ದನ್ನು ಟ್ಯಾಬ್ ಮತ್ತೆ ತೆರೆಯಲಿಲ್ಲ. ಮೇಲ್ವಿಚಾರಕ ಗುರುಸಿದ್ದನಿಗೆ ಫೋನ್ ಮಾಡಿದಳು. “ಒಡಪಿಗೆ ಕೋಡ್ ಇಲ್ಲವಾ,” ಎಂದ ಅವನು. ಸಮೀಕ್ಷೆಯ ಪ್ರಕಾರ ಆ ಮನೆಯಲ್ಲಿ ಗಂಡನಿಗೆ ಮೂರು ಗೊತ್ತು, ಹೆಂಡತಿಗೆ ಮೂರು. ಗೊತ್ತಿಲ್ಲ ಎಂದವರು ಹೆಂಡತಿ ಮಾತ್ರ.

ಮರುದಿನ ಹನ್ನೊಂದೂವರೆಗೆ ಸಾತವ್ವ ನಾಮಪತ್ರ ಸಲ್ಲಿಸಿದರು. ಸೂಚಕರ ಸಹಿ ಗಿರಮಲ್ಲಪ್ಪನದು.