ಅಪ್ಪ ಎಳೆದ ಗೆರೆ

ಬಲೆ ಮೇಲೆ ಬಂದಾಗ ಹಡಗಿನವರೆಲ್ಲ ಕೇಕೆ ಹಾಕಿದರು. ಕಾಡ್ ಮೀನು, ಎರಡು ಟನ್ನಿಗೆ ಕಡಿಮೆಯಿಲ್ಲ! ಮೀನು ಎಣಿಸಲು ಬಂದಿದ್ದ ದಲ್ಲಾ ಮಾತ್ರ ಬಗ್ಗಿ ಬಲೆಯನ್ನೇ ನೋಡಿದಳು. ಬಲೆಯ ತುದಿಯಲ್ಲಿ ಕರಿಗಲ್ಲುಗಳು ಸಿಕ್ಕಿಕೊಂಡಿದ್ದವು. ಬಲೆ ಎಳೆಯಲು ನಕ್ಷೆಯಲ್ಲಿ ಗೊತ್ತುಮಾಡಿದ ಈ ಗೆರೆಯ ಉದ್ದಕ್ಕೂ ತಳದಲ್ಲಿರುವುದು ಬರೀ ಕೆಸರು. ಕಲ್ಲು ಎಲ್ಲಿಂದ ಬರಬೇಕು?

ಐಸ್‌ಲ್ಯಾಂಡಿನಲ್ಲಿ ಮಾರ್ಚ್ ತಿಂಗಳ ಮೀನಿನ ಎಣಿಕೆಯೆಂದರೆ ಹಾಗೆಯೇ. ಮೀನಿರಲಿ ಬಿಡಲಿ, ಪ್ರತಿವರ್ಷ ಅವೇ ಗೆರೆಗಳ ಮೇಲೆ, ಅದೇ ವೇಗದಲ್ಲಿ, ಅಂಥದೇ ಬಲೆ ಎಳೆಯಬೇಕು. ಸಮುದ್ರದಲ್ಲಿ ಮೀನು ಹೆಚ್ಚಿತೋ ಕುಗ್ಗಿತೋ ತಿಳಿಯುವುದು ಆಗಲೇ. ಮುಂದಿನ ವರ್ಷ ಎಷ್ಟು ಹಿಡಿಯಬಹುದೆಂಬ ಮಿತಿಯೂ ಅದರ ಮೇಲೆಯೇ. ಈ ಸಲ ಬೇರೆಲ್ಲ ಗೆರೆಗಳಲ್ಲೂ ಮೀನು ಅಷ್ಟಕ್ಕಷ್ಟೆ. ಮಿತಿ ಇನ್ನೂ ಇಳಿದರೆ ಊರಿಗಿದ್ದ ಈ ಒಂದೇ ಹಡಗೂ ಮಾರಾಟಕ್ಕೆ. ಅದರ ಕ್ಯಾಪ್ಟನ್ ಕೊಲ್ಬೆಯಿನ್ ದಲ್ಲಾಳ ಸೋದರಮಾವ. ಎಣಿಕೆಗೆಂದು ಸರ್ಕಾರದ ಮೀನು ಸಂಶೋಧನಾ ಸಂಸ್ಥೆ ಕಳಿಸಿದ್ದು ಅವಳನ್ನೇ. ಯಾರ ಹಣೆಬರಹ ಯಾರ ಕೈಯಲ್ಲಿ, ನೋಡಿ!

ಅವಳು ದಡದಡನೆ ಮೇಲೆ ಚುಕ್ಕಾಣಿ ಕೋಣೆಗೆ ಹತ್ತಿ ಹೋದಳು. "ಮಾವಾ, ಹಡಗು ಎಲ್ಲಿ ತಿರುಗಿಸಿದೆ?"

"ತಿರುಗಿಸೋದಾ? ನೆಟ್ಟಗೇ ಬಂದಿದೀನಿ. ಬರ್ಕೊ, ಎರಡು ಟನ್."

"ಬಲೇಲಿ ಕಲ್ಲು ಬಂದಿದೆ."

"ಮೀನು ನುಂಗಿತ್ತೇನೋ ಬಿಡೆ!" ಕೊಲ್ಬೆಯಿನ್ ನಕ್ಕ. ಅವಳ ಮುಖ ಮಾತ್ರ ನೋಡಲಿಲ್ಲ.

"ಮಾವಾ..."

"ಅರ್ಧ ಮೈಲಿ ಕಣೇ, ಅಷ್ಟೇ. ಮೀನು ತೋರಿಸೋ ಪರದೆ ಮೇಲೆ ಪಕ್ಕದಲ್ಲೇ ರಾಶಿ ಕಾಣಿಸ್ತು. ನಲವತ್ತು ವರ್ಷ ಮೀನು ಹುಡುಕಿದ ಕೈ, ತಾನಾಗೇ ತಿರುಗಿಬಿಡ್ತು. ಅಲ್ಲಿ ಮೀನಿದೆ ತಾನೇ? ನಾನೇನು ಜೇಬಿಂದ ತೆಗೆದು ಹಾಕಿದ್ನಾ?"

"ಇದೆ. ಹೋದ ವರ್ಷ ಅಲ್ಲಿ ಎಷ್ಟಿತ್ತು? ಯಾರಿಗ್ಗೊತ್ತು? ಯಾವುದಕ್ಕೆ ಹೋಲಿಸ್ಲಿ?"

"ಕೆಳಗೆ ಹನ್ನೊಂದು ಜನ ಇದಾರೆ. ಇದು ಲೆಕ್ಕಕ್ಕಿಲ್ಲ ಅಂತ ಹೋಗಿ ಅವರ ಮುಖಕ್ಕೇ ಹೇಳು. ನಿನ್ನ ಎತ್ತಿ ಆಡಿಸಿದೋರು ಕಣೇ ಅವರು!"

ದಲ್ಲಾಗೆ ಅಳು ಒತ್ತರಿಸಿ ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. ಗೋಡೆಯ ಹಳೇ ನಕ್ಷೆಗೆ ಬೆರಳಿಟ್ಟಳು. ಎಣಿಕೆ ಶುರುವಾದ ವರ್ಷ, ಎಲ್ಲೆಲ್ಲಿ ಬಲೆ ಎಳೆಯಬೇಕೆಂದು ಕ್ಯಾಪ್ಟನ್‌ಗಳನ್ನೂ ಕೇಳಿದ್ದರು. ಈ ಗೆರೆ ಹಾಕಿಕೊಟ್ಟವನು ಕೊಲ್ಬೆಯಿನ್‌ನ ಅಪ್ಪ. ತೊಂಬತ್ತು ದಾಟಿದರೂ ಪ್ರತಿ ಮಾರ್ಚ್‌ನಲ್ಲಿ ಬಂದರಿಗೆ ಬಂದು, "ನನ್ನ ಗೆರೇಲಿ ಎಷ್ಟು ಬಂತು?" ಎಂದು ಕೇಳದೆ ಬಿಡುವವನಲ್ಲ.

"ಅಜ್ಜ ಇಲ್ಲೇ ಯಾಕೆ ಗೆರೆ ಹಾಕಿದ, ಹೇಳು."

ಕೊಲ್ಬೆಯಿನ್‌ನ ದನಿ ಇಳಿಯಿತು. "ಆಗ ಇಲ್ಲಿ ಮೀನು ಕಿಕ್ಕಿರಿದಿತ್ತು. ಎಲ್ಲಿ ಖಾಲಿಯಾದ್ರೂ ಇಲ್ಲಿ ಆಗಲ್ಲ ಅಂತಿದ್ದ."

"ಹಾಗಿದ್ರೆ ಖಾಲಿಯಾಗಿದೆಯಾ ಅಂತ ಗೊತ್ತಾಗ್ಬೇಕಾದ್ದೂ ಇಲ್ಲೇ, ಮಾವಾ."

ಕೊಲ್ಬೆಯಿನ್ ಹಡಗನ್ನು ಗೆರೆ ಶುರುವಾಗುವ ಕಡೆಗೆ ಒಯ್ದು ಮತ್ತೆ ಬಲೆ ಇಳಿಸಿದ. ಅರ್ಧದಾರಿಯಲ್ಲಿ ಪರದೆಯ ಎಡಕ್ಕೆ ಮತ್ತೆ ಆ ರಾಶಿ ಮೂಡಿತು. ಅವನು ಚುಕ್ಕಾಣಿಯನ್ನು ಎರಡೂ ಕೈಯಲ್ಲಿ ಹಿಡಿದ. ಹಡಗು ನೆಟ್ಟಗೇ ಹೋಯಿತು.

ಬಲೆ ಬಂತು. ಕೆಸರು, ಕೆಸರಿನಲ್ಲಿ ಅರವತ್ತಮೂರು ಮೀನು. ಯಾರೂ ಕೇಕೆ ಹಾಕಲಿಲ್ಲ. ದಲ್ಲಾ ಪೆನ್ಸಿಲ್ ಹಿಡಿದು ನಿಂತಳು, ಬರೆಯಲು ಕೈ ಏಳಲಿಲ್ಲ.

"ಕೊಡೆ ಇಲ್ಲಿ," ಎಂದು ಕೊಲ್ಬೆಯಿನ್ ಅದನ್ನು ಕಸಿದುಕೊಂಡ. ಅರವತ್ತಮೂರು ಎಂದು ದಪ್ಪಗೆ ಬರೆದ. "ಬಂದರಲ್ಲಿ ಅಪ್ಪ ಕೇಳಿದ್ರೆ ನೀನು ಬಾಯಿ ಬಿಡ್ಬೇಡ. ನಾನೇ ಹೇಳ್ತೀನಿ."