ಸಂಪಾದಕರ ಹಾರ್ಡ್ ಡಿಸ್ಕ್

ಕೊಟ್ಟೂರಿನ ವಾರಪತ್ರಿಕೆಯೊಂದರ ಸಂಪಾದಕ ಜಂಬುನಾಥನನ್ನು ಕಂಡರೆ ಇಶ್ತಿಯಾಕನಿಗೆ ಅಷ್ಟಕ್ಕಷ್ಟೆ. ನಾಲ್ಕು ಪುಟದ ಪತ್ರಿಕೆ. ಮೂರರಲ್ಲಿ ಪುಢಾರಿಗಳ ಹುಟ್ಟುಹಬ್ಬದ ಶುಭಾಶಯ, ಉಳಿದದ್ದರಲ್ಲಿ ಸಂಪಾದಕರದೇ ಫೋಟೊ. ಆದರೂ ಬಸ್ ಸ್ಟ್ಯಾಂಡಿನ ಎದುರು ಟಿ.ವಿ., ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು ಕರೆದಲ್ಲಿಗೆ ಹೋಗಲೇಬೇಕು. ಹೋದ.

ಊರಿಗೆ ಹೊಸ ಪೆಂಟಿಯಂ ಕಂಪ್ಯೂಟರುಗಳು ಬಂದು ಎಷ್ಟೋ ದಿನವಾಗಿದ್ದರೂ ಜಂಬುನಾಥನದು ಯಾವುದೋ ಆಫೀಸು ಬಿಸಾಕಿದ ಹಳೇ ಯಂತ್ರ. ಮಾನಿಟರಿನ ಹಣೆಗೆ ಕುಂಕುಮ ಬೇರೆ.

“ವೈರಸ್ ಬಿಟ್ಟಾರಪ್ಪ,” ಎಂದ ಜಂಬುನಾಥ. “ನನ್ನ ಲೇಖನಿಗೆ ಹೆದರಿದೋರ ಕೆಲಸ ಇದು. ನಾಳಿ ಪತ್ರಿಕಿ ಪ್ರಿಂಟಿಗೆ ಹೋಗಬೇಕು.”

ಇಶ್ತಿಯಾಕ ಸ್ವಿಚ್ ಒತ್ತಿದ. ಡಿಸ್ಕು ಒಳಗೆ ಗುಂಯ್ ಎಂದು ತಿರುಗತೊಡಗಿತು. ಆದರೆ ಪರದೆಯ ಮೇಲೆ 1980ರ ತಾರೀಕು ಬಂತು, ಡಿಸ್ಕೇ ಇಲ್ಲ ಎಂದು ಹೇಳಿ ಯಂತ್ರ ಅಲ್ಲೇ ನಿಂತಿತು.

“ಯಾರೂ ಹೆದರಿಲ್ರಿ. ಒಳಗಿನ ಬ್ಯಾಟರಿ ಸತ್ತೈತಿ.”

ಬ್ಯಾಟರಿ ಸತ್ತರೆ ಇಂಥ ಹಳೇ ಯಂತ್ರ ಬಂದ್ ಆದಾಗೆಲ್ಲ ತನ್ನ ಡಿಸ್ಕಿನ ಅಳತೆಯನ್ನೇ ಮರೆಯುತ್ತದೆ. ಡಿಸ್ಕಿನ ಮೇಲೆ ಅಚ್ಚಾದ ಅಂಕಿಗಳನ್ನು ನೋಡಿ ಮತ್ತೆ ತುಂಬಬೇಕು. ಡಬ್ಬಿ ಬಿಚ್ಚಿದರೆ ಊದುಬತ್ತಿಯ ಬೂದಿ, ಹಲ್ಲಿಯ ಮೊಟ್ಟೆ. ಅಂಕಿಗಳ ಮೇಲೇ ಒಂದು ಸ್ಟಿಕ್ಕರು, ಅದರಲ್ಲಿ ಕೈಮುಗಿದ ಜಂಬುನಾಥ.

“ಇದ್ಯಾಕ್ರಿ ಇಲ್ಲಿ?”

“ಕಳುವಾದ್ರ ಗುರುತಿರಲಿ ಅಂತ.”

ಇಶ್ತಿಯಾಕನಿಗೆ ಅಂಥವನ ಜೊತೆ ಮಾತಾಡುವುದೂ ದಂಡ ಎನಿಸಿತು. ಸ್ಟಿಕ್ಕರು ಕೀಳುತ್ತಿದ್ದಂತೆ ಅಂಕಿಗಳೂ ಅದಕ್ಕೇ ಅಂಟಿಕೊಂಡು ಬಂದವು, ಎಲ್ಲವೂ ಉಲ್ಟಾ. “ಕನ್ನಡಿ ತಗೊಂಬರ್ರಿ,” ಎಂದ. ಸಂಪಾದಕರು ಪಂಚೆ ಎತ್ತಿ ಕಟ್ಟಿ ಕೆಳಗಿನ ಕಟಿಂಗ್ ಅಂಗಡಿಗೆ ಓಡಿದರು. ಆ ಓಟ ನೋಡಿ ಇಶ್ತಿಯಾಕನಿಗೆ ಬಂದದ್ದು ಸಾರ್ಥಕವೆನಿಸಿತು.

ಕನ್ನಡಿಯಲ್ಲಿ ಅಂಕಿ ಓದಿ ತುಂಬಿದ. ಮೊದಲ ಸಲ ಮೂರನ್ನು ಎಂಟೆಂದು ಓದಿದ; ಎರಡನೇ ಸಲಕ್ಕೆ ಯಂತ್ರ ಎದ್ದಿತು. ಎಲ್ಲ ನೆಟ್ಟಗಿದೆಯೇ ಎಂದು ನಾಳೆಯ ಪುಟ ತೆರೆದ. ದಪ್ಪಕ್ಷರದ ತಲೆಬರಹ: ‘ರಿಪೇರಿ ಹೆಸರಲ್ಲಿ ಸುಲಿಗೆ, ಬಸ್ ಸ್ಟ್ಯಾಂಡ್ ಅಂಗಡಿಯ ಬಂಡವಾಳ ಬಯಲು.’

“ಅದು ನಿನಗಲ್ಲ ಬಿಡಪ್ಪ,” ಎಂದ ಜಂಬುನಾಥ. “ಬ್ಯಾರೆಯವ್ರಿಗೆ.”

“ಅಲ್ಲಿ ಬ್ಯಾರೆ ಯಾವ ರಿಪೇರಿ ಅಂಗಡಿ ಐತ್ರಿ?”

ಜಂಬುನಾಥ ಕನ್ನಡಿ ಒರೆಸತೊಡಗಿದ. ಇಶ್ತಿಯಾಕ ಹಾಕಲೆಂದು ತೆಗೆದಿದ್ದ ಹೊಸ ಬ್ಯಾಟರಿಯನ್ನು ಮತ್ತೆ ಚೀಲಕ್ಕೆ ಹಾಕಿದ.

“ಮಷೀನು ಚಾಲೂ ಐತಿ. ಬಂದ್ ಮಾಡಬ್ಯಾಡ್ರಿ.”

“ಕರೆಂಟ್ ಹೋದ್ರ?”

“ಲೇಖನಿ ಐತಲ್ರಿ. ಬರೀರಿ.”

ಸ್ಟಿಕ್ಕರನ್ನು ಮೇಜಿನ ಮೇಲೇ ಬಿಟ್ಟ. ಅದನ್ನಿಟ್ಟುಕೊಂಡು ಏನು ಮಾಡಬೇಕೆಂದು ಈ ಮನುಷ್ಯನಿಗೆ ತಿಳಿಯುವುದಿಲ್ಲ ಎಂಬ ಖಾತ್ರಿ ಅವನಿಗಿತ್ತು. ಮೆಟ್ಟಿಲಿಳಿದು ಅಂಗಡಿ ಮುಟ್ಟುವುದರೊಳಗೆ ಕರೆಂಟ್ ಹೋಯಿತು. ಸಂಜೆ ಜಂಬುನಾಥ ಎರಡು ಸಲ ಹೇಳಿಕಳಿಸಿದ, ಇಶ್ತಿಯಾಕ ಏಳಲಿಲ್ಲ.

ಆ ವಾರ ಪತ್ರಿಕೆ ಬರಲಿಲ್ಲ. ಯಾರಾದರೂ ಕೇಳಿದರೆ ಇಡೀ ಕಥೆ ಹೇಳಬೇಕೆಂದು ಇಶ್ತಿಯಾಕ ಅಂಗಡಿಯಲ್ಲಿ ಕಾದ. ಪತ್ರಿಕೆ ಯಾಕೆ ಬರಲಿಲ್ಲ ಎಂದು ಊರಿನಲ್ಲಿ ಒಬ್ಬರೂ ಕೇಳಲಿಲ್ಲ.