ಅಮ್ಮ ಬಿಚ್ಚಿದ ಪಟ್ಟಿ

ಚಳಿಗಾಲದ ಒಂದು ನಸುಕಿನಲ್ಲಿ ಬೇಕರಿಯಲ್ಲಿ ಬ್ರೆಡ್ಡಿನ ಒಲೆಯ ಬೆಂಕಿ ನುಗ್ಗಿ ನನ್ನ ಮಗನ ಎರಡೂ ಅಂಗೈ ಸುಟ್ಟವು. ಗಾಯವೇನೋ ಮಾಯಿತು, ಆದರೆ ಚರ್ಮ ಬಿಗಿಯತೊಡಗಿತು. ಬೆರಳು ನೆಟ್ಟಗಾಗದಿದ್ದರೆ ಅವನು ಇನ್ನು ಹಿಟ್ಟು ನಾದುವಂತಿರಲಿಲ್ಲ.

ಆಸ್ಪತ್ರೆಯ ಫಿಸಿಯೋಥೆರಪಿ ಮೇಡಂ ದಿನಾ ಒಂದೊಂದೇ ಬೆರಳು ಹಿಡಿದು ಬಿಡಿಸುತ್ತಿದ್ದರು.

"ನಿಧಾನ ಮೇಡಂ, ನಾನೂ ಹಿಟ್ಟಿಗೆ ಇಷ್ಟು ಹಿಂಸೆ ಕೊಟ್ಟವನಲ್ಲ," ಎಂದು ಅವನು ಹಲ್ಲು ಕಚ್ಚಿಕೊಂಡೇ ನಗುತ್ತಿದ್ದ.

ಮಲಗುವಾಗ ಬೆರಳು ಮಡಚದಂತೆ ಎರಡೂ ಕೈಗೆ ಗಟ್ಟಿ ಪ್ಲಾಸ್ಟಿಕ್ ಪಟ್ಟಿ ಕಟ್ಟಬೇಕಿತ್ತು. ನಿದ್ದೆಯಲ್ಲೂ ನಿಲ್ಲದ ಅವನ ನರಳಾಟ ಕೇಳಲಾರದೆ ನನ್ನವಳು, ಅವನು ಮಾತ್ರೆ ನುಂಗಿ ನಿದ್ದೆಹೋದ ಮೇಲೆ, ಮಂಚದ ಈಚೆಗಿದ್ದ ಬಲಗೈಯ ಪಟ್ಟಿಯನ್ನು ಬಿಚ್ಚಿಡುತ್ತಿದ್ದಳು. ಅವನು ಏಳುವ ಮುಂಚೆ ಮತ್ತೆ ಕಟ್ಟುತ್ತಿದ್ದಳು. ನನಗೂ ಗೊತ್ತಿರಲಿಲ್ಲ.

ಕೊನೆಗೆ ಮೇಡಂ ಕೇಳಿದರು: "ಎಡಗೈ ಸುಧಾರಿಸ್ತಿದೆ, ಬಲಗೈ ಯಾಕೆ ಮುದುಡ್ತಿದೆ? ಪಟ್ಟಿ ಬಿಚ್ತೀರಾ?"

"ಮಗು ಒಂದಿಷ್ಟು ನೆಮ್ಮದಿಯಾಗಿ ಮಲಗಲಿ ಅಂತ ನಾನೇ ಬಿಚ್ಚಿದೆ ಕಣಮ್ಮ," ಎಂದಳು ನನ್ನವಳು.

"ಅಮ್ಮ, ಕೈಗೆ ಹಾಯಾಗಿರೋ ಹಾಗೆ ಬಿಟ್ರೆ ಅದು ಮಡಚಿದ ಹಾಗೇ ಅಂಟಿಕೊಳ್ಳುತ್ತೆ. ಬಲಗೈಗೆ ಇನ್ನು ಆಪರೇಷನ್ನೇ ಗತಿ. ಆದ್ರೂ ಮೊದಲಿನ ಹಾಗೆ ಆಗೋದು ಕಷ್ಟ," ಎಂದರು ಮೇಡಂ.

ನನ್ನವಳು ಇನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡಿದಳು. ಎರಡು ದಿನ ಕಳೆಯುವುದರೊಳಗೆ, ಒಂದು ರಾತ್ರಿ ಮಗ ಮತ್ತೆ ನರಳಿದ. ಅವಳ ಕೈ ಅವನ ಎಡಗೈಯ ಪಟ್ಟಿಯ ಮೇಲಿತ್ತು. ಅವನು ಎಚ್ಚರವಾಗಿಯೇ ಇದ್ದ.

"ಅಮ್ಮ, ಅಕ್ಕನ ಮನೆಗೆ ಹೋಗು."

"ಹೆತ್ತವಳನ್ನೇ ಓಡಿಸ್ತೀಯೇನೋ?"

"ಉಳಿದಿರೋದು ಒಂದೇ ಕೈ ಅಮ್ಮ. ನೀನಿದ್ರೆ ಅದೂ ಹೋಗುತ್ತೆ."

ಗುರುವಾರ ಮಧ್ಯಾಹ್ನದ ಬಸ್ಸಿಗೆ ನನ್ನವಳು ಮಗಳ ಮನೆಗೆ ಹೊರಟುಹೋದಳು.